ಎದೆ ಮೂವತ್ತೊಂದು ಇಂಚು

9 ಜನವರಿ 1983, ಬೆಳಿಗ್ಗೆ
ಎದೆ ಇವತ್ತೂ ಮೂವತ್ತೊಂದೇ ಇಂಚು. ಟೇಪು ಸ್ವಲ್ಪ ಸಡಿಲ ಹಿಡಿದರೆ ಮೂವತ್ತೊಂದೂವರೆ. ಪೊಲೀಸ್ ಕಾನ್‌ಸ್ಟೇಬಲ್ ಆಗಲು ಮೂವತ್ತಮೂರು ಬೇಕು. ಸೆಲೆಕ್ಷನ್ ಮಾರ್ಚಿನಲ್ಲಿ. ಇನ್ನೂರು ದಂಡ ಹೊಡೆದೆ — ಸುಳ್ಳು, ಎಪ್ಪತ್ತು. ಅವ್ವ ಒಲೆ ಮುಂದಿನಿಂದಲೇ ಕೂಗಿದಳು: “ಓಂಕಾರ, ಹಂಗೆ ಉಸಿರು ಬಿಡಬ್ಯಾಡ ಕಣೋ. ಎಮ್ಮೆ ಈಯ್ತಾ ಐತೆ ಅಂತ ಪಕ್ಕದ ಮನೇರು ಓಡಿ ಬತ್ತಾರೆ.”

12 ಜನವರಿ
ಅಜ್ಜಂಪುರದ ವ್ಯಾಯಾಮ ಶಾಲೆ ಎಂದರೆ ಹಳೇ ಹತ್ತಿ ಗೋದಾಮು, ಎರಡು ಬಾರ್ಬೆಲ್. ಅಲ್ಲಿನ ದೊರೆ ಬೆನಕಪ್ಪಣ್ಣ. ಅವನ ತೋಳು ನನ್ನ ತೊಡೆಯಷ್ಟು. ಬಸ್ ಕಂಡಕ್ಟರೂ ಅವನಿಗೆ ಬಹುವಚನ! ಇವತ್ತು ಒಂದು ಪೊಟ್ಟಣ ಕೊಟ್ಟ. ಪುಟ್ಟ ಬಿಳಿ ಮಾತ್ರೆ.
“ಸ್ಟಿರಾಯ್ಡ್ ಕಣೋ. ನಾನೂ ಇದೇ ತಿನ್ನೋದು. ಎರಡು ತಿಂಗ್ಳಲ್ಲಿ ಗಂಡಸಾಗ್ತೀಯ.”
“ಈಗ ಏನಾಗಿದೀನಣ್ಣ?”
“ಈಗ ಕಡ್ಡಿ.”
ಮಂಡಿಯಲ್ಲಿ ಮೂಟೆ ಹೊರುವ ಗೆಳೆಯ ಸಣ್ಣಬೀರಪ್ಪ ಮೂಗು ಮುರಿದ. “ಮಾತ್ರೆ ನುಂಗಿ ಬಂದ ಮೈ ಬಾಡಿಗೆ ಸೈಕಲ್ ಇದ್ದಂಗೆ ಕಣಲೇ. ಸಂಜೆ ವಾಪಸ್ ಕೊಡಬೇಕು.”
ಅವನಿಗೇನು, ಹುಟ್ಟಾ ಎದೆ ಮೂವತ್ತೆಂಟು. ನುಂಗಿದೆ.

2 ಫೆಬ್ರವರಿ
ಹಸಿವೋ ಹಸಿವು. ಏಳು ರೊಟ್ಟಿ, ಮೇಲೆ ಮುದ್ದೆ. ಕೆನ್ನೆ ತುಂಬಿವೆ. ಅವ್ವ ದೃಷ್ಟಿ ತೆಗೆದಳು. ಎದುರು ಮನೆ ದಾಕ್ಷಾಯಣಮ್ಮ: “ಈಗ ನೋಡು, ಗಂಡಸಿನ ಕಳೆ ಬಂತು!” ಆಹಾ. ಎದೆ ಅಳೆಯಲಿಲ್ಲ. ಸಸ್ಪೆನ್ಸ್ ಇರಲಿ.

27 ಫೆಬ್ರವರಿ
ಕನ್ನಡಿಯಲ್ಲಿ ಮುಖ ಹುಣ್ಣಿಮೆ. ಕೈಕಾಲು ಮಾತ್ರ ಹಳೇವೇ. ಬೀರ ನೋಡಿ ನಗಲಿಲ್ಲ. ಅದೇ ಹೆದರಿಕೆ.

14 ಮಾರ್ಚ್, ಸಂಜೆ
ಚಿಕ್ಕಮಗಳೂರಿನಿಂದ ಈಗ ಬಂದೆ. ಅರ್ಜಿಯ ಫೋಟೋ ನೋಡಿ ಜಮೇದಾರರು, “ಇದು ನಿನ್ನ ತಮ್ಮಂದೇನಯ್ಯಾ?” ಎಂದರು. ನಾನೇ ಎಂದು ಒಪ್ಪಿಸಲು ಹತ್ತು ನಿಮಿಷ. ಆಮೇಲೆ ಟೇಪು. ಮೂವತ್ತೊಂದೂವರೆ. “ಎದೆ ಉಬ್ಬಿಸು!” ಉಬ್ಬಿಸಿದೆ... ಹೊಟ್ಟೆ ಉಬ್ಬಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಅತ್ತೆ, ಕಿಟಕಿ ಕಡೆ ತಿರುಗಿ.

19 ಮಾರ್ಚ್
ಬೆನಕಪ್ಪಣ್ಣ ಬಿದ್ದುಬಿಟ್ಟ! ಬಾರ್ಬೆಲ್ ಎತ್ತಲು ಬಗ್ಗಿದವನು ಹಾಗೇ ಕುಸಿದ. ಅವನ ಮಾತ್ರೆ ಮುಗಿದು ವಾರವಾಗಿತ್ತಂತೆ. ಬೀರ ಅವನನ್ನು ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಮಂಡಿಯ ವ್ಯಾನಿನವರೆಗೆ ಓಡಿದ. ತರೀಕೆರೆ ಆಸ್ಪತ್ರೆ. ಅಲ್ಲಿನ ಡಾಕ್ಟರಮ್ಮ ಅವನನ್ನು ನೋಡಿ, ತಿರುಗಿ ನನ್ನನ್ನು ನೋಡಿದರು.
“ನೀನೂ ತಿಂತಿದೀಯ?”
“ಇಲ್ಲ ಮೇಡಂ.”
“ಮುಖಾನೇ ಹೇಳ್ತಿದೆಯಲ್ಲಪ್ಪ.”
ಒಪ್ಪಿಕೊಂಡೆ. ಅದು ಮೈ ಕಟ್ಟುವ ಮಾತ್ರೆಯೇ ಅಲ್ಲ, ಬರೀ ಊದಿಸುವುದಂತೆ. ಒಮ್ಮೆಗೇ ನಿಲ್ಲಿಸಬಾರದಂತೆ, ನಿಲ್ಲಿಸಿದ್ದಕ್ಕೇ ಇವನು ಬಿದ್ದದ್ದಂತೆ. ಇಬ್ಬರಿಗೂ ಚೀಟಿ ಬರೆದುಕೊಟ್ಟರು — ವಾರ ವಾರ ಕಡಿಮೆ ಮಾಡಿ ಬಿಡಬೇಕು. ಬೀರ ಚೀಟಿ ಮಡಿಸಿ ನನ್ನ ಜೇಬಿಗಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

21 ಮಾರ್ಚ್
ಬೆನಕಪ್ಪಣ್ಣ ಎದ್ದು ಕೂತಿದ್ದಾನೆ. ದನಿ ಸಣ್ಣದಾಗಿದೆ.
“ಹೈಸ್ಕೂಲಲ್ಲಿ ನನ್ನ ನರಪೇತಲ ಅಂತಿದ್ರು ಕಣೋ. ಮತ್ತೆ ಹಂಗೇ ಆಗ್ಬಿಡ್ತೀನಾ?”
ಇಡೀ ಊರು ಹೆದರುವ ಮನುಷ್ಯ! ಕಿತ್ತಲೆ ಸುಲಿದೆ. ಅರ್ಧ ಅವನಿಗೆ, ಅರ್ಧ ನನಗೆ.

8 ಜೂನ್, ಮಧ್ಯಾಹ್ನ
ಮಾತ್ರೆ ಪೂರ್ತಿ ನಿಂತು ಎರಡು ವಾರ. ಕೆನ್ನೆ ಇಳಿದಿವೆ. ಅವ್ವನಿಗೆ ಬೇಸರ.
ಬೆನಕಪ್ಪಣ್ಣ ಬಂದಿದ್ದಾನೆ. ಷರ್ಟು ಮೈಮೇಲೆ ಜೋತಾಡುತ್ತಿದೆ. ಬನಿಯನ್ ಕೊಳ್ಳಬೇಕಂತೆ, ಎರಡು ಸೈಜ್ ಚಿಕ್ಕದು. ಕೇಳಲು ನಾಚಿಕೆ.
“ಅಂಗಡೀಲಿ ನಿಂಗೇ ಅಂತ ಹೇಳಿ ಈಸ್ಕೋ ಓಂಕಾರ. ನಾನು ಮೂಲೇಲಿ ನಿಂತಿರ್ತೀನಿ.”
“ಮೂಲೆ ಯಾಕಣ್ಣ? ನನಗೊಂದು, ನಿನಗೊಂದು, ಜೋರಾಗೇ ಕೇಳಾನ.”
ಸಿಟ್ಟಾದ. ಅಂಗಳದಲ್ಲಿ ಎರಡು ಸುತ್ತು ಹಾಕಿದ. ಈಗ ಚಪ್ಪಲಿ ಮೆಟ್ಟಿ ನಿಂತು ಕೂಗುತ್ತಿದ್ದಾನೆ — “ಬಾರಲೇ, ಧೈರ್ಯ ಇಳಿಯೋದ್ರೊಳಗೆ ಹೋಗ್ಬರಾನ!” ಪಾಪ, ಷರ್ಟಿನ ಗುಂಡಿ ಅದಲುಬದಲಾಗಿವೆ. ಪೆನ್ನು ಇಟ್ಟೆ, ಹೊರಟೆ.