ಬೇರಿಗೆ ಇಪ್ಪತ್ತು ಸಾಲಲಿಲ್ಲ

ಎರಡು ಲಕ್ಷ ಹನ್ನೊಂದು ಸಾವಿರದ ಆರುನೂರ ನಾಲ್ಕನೇ ಉಬ್ಬರ
ಕಡಲಬಾಗಿಲ ಮನೆ, ಅಘನಾಶಿನಿ ಅಳಿವೆ

ಮೇದಿನಿ ಅವರಿಗೆ,

ನಾವು ಕಾಲ ಎಣಿಸುವುದು ಕಡಲು ಏರಿದ ಲೆಕ್ಕದಲ್ಲಿ. ನಿಮ್ಮಿಂದ ನನ್ನವರೆಗೆ ಸುಮಾರು ಮುನ್ನೂರು ವರ್ಷ. ನನ್ನ ಮಾತು ಒರಟಾಗಿ, ಕೆಲವು ಕಡೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಹೆಸರು ಬೊಮ್ಮಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನ್ನಿಸಿ ಅನ್ನುವುದು ಇದೊಂದೇ ಸಲ. ಉಳಿದದ್ದು ಬೈಗುಳ.

ಇಲ್ಲಿ ಕಡಲಿಗೆ ಅಡ್ಡವಾಗಿ ಒಂದು ದೊಡ್ಡ ಬಾಗಿಲಿದೆ. ಇಳಿತದಲ್ಲಿ ತೆರೆದು ಹೊಳೆಯ ನೀರನ್ನು ಹೊರಗೆ ಬಿಡಬೇಕು, ಉಬ್ಬರದಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ಮೇಲಿನ ಕೇರಿಗೆ ಉಳಿದಿರುವ ಒಂದೇ ಸಿಹಿನೀರಿನ ಬಾವಿಗೆ ಉಪ್ಪು ಇಳಿಯುತ್ತದೆ. ಕೈಯಲ್ಲಿ ತಿರುಗಿಸಲು ನಾಲ್ವರು ಬೇಕು. ಇರುವುದು ನಾನೊಬ್ಬಳು. ಬಾಗಿಲನ್ನು ನಡೆಸುವುದು ನೀವು ಲಿನಕ್ಸ್ ಹಾಕಿಕೊಟ್ಟ ಕಂಪ್ಯೂಟರು. ಪೆಟ್ಟಿಗೆ ಎಷ್ಟೋ ಸಲ ಬದಲಾಯಿತು. ಒಳಗಿನದ್ದನ್ನು ಮಾತ್ರ ಹಿಂದಿನವರು ಹೆದರಿ, ಇದ್ದ ಹಾಗೇ ನಕಲು ಮಾಡುತ್ತ ಬಂದರು. ಅದರಲ್ಲಿ ನಿಮ್ಮದೊಂದು ಸಾಲು ಇನ್ನೂ ಇದೆ: ‘ರೂಟ್‌ಗೆ ಇಪ್ಪತ್ತು ಜಿಬಿ. ಸದ್ಯಕ್ಕೆ ಸಾಕು. ಮೇದಿನಿ.’

ಸದ್ಯಕ್ಕೆ ಅಂದರೆ ಎಷ್ಟು ದಿನ, ತಾಯಿ? ರೂಟನ್ನು ನಾವು ಬೇರು ಅನ್ನುತ್ತೇವೆ. ಡಿಸ್ಕಿನಲ್ಲಿ ಯಂತ್ರ ತನ್ನ ಕೆಲಸಕ್ಕೆ ಬಳಸುವ ಜಾಗ, ಬೇರಿನ ಕೋಣೆ, ತುಂಬಿ ಹೋಯಿತು. ಹಳೆಯ ಕಸ ಎಷ್ಟು ಗುಡಿಸಿದರೂ ವಾರದಲ್ಲಿ ಮತ್ತೆ ತುಂಬುತ್ತದೆ. ಬರೆದುಕೊಳ್ಳಲು ಜಾಗವಿಲ್ಲದೆ ಯಂತ್ರ ಹೋದ ತಿಂಗಳು ಎರಡು ಸಲ ಉಬ್ಬರ ಮರೆಯಿತು. ಬಾವಿಯ ನೀರಿಗೆ ಆಗಲೇ ಸವಳು ರುಚಿ ಬಂದಿದೆ. ಪಕ್ಕದ ಕೋಣೆಯಲ್ಲಿ ಮುನ್ನೂರು ವರ್ಷದ ದಿನಚರಿಯ ಧ್ವನಿಗಳಿವೆ, ಇಲ್ಲಿ ಓದಿದ ಆಜ್ಞೆ, ಮರುಮಾತು ಎಲ್ಲ ದಾಖಲಾಗಿ. ಆದರೂ ಅಲ್ಲಿ ಅರ್ಧದಷ್ಟು ಜಾಗ ಖಾಲಿ. ಅದರಲ್ಲಿ ಸ್ವಲ್ಪ ಬೇರಿಗೆ ಕೊಡಬೇಕು.

ಬೇರು ಮುಟ್ಟುವುದಕ್ಕೆ ನಮ್ಮಲ್ಲೊಂದು ಕಟ್ಟಳೆ ಇದೆ. ಒಬ್ಬರು ಆಜ್ಞೆ ಟೈಪು ಮಾಡಿ ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು, ಅವರನ್ನು ಮರುದನಿ ಅನ್ನುತ್ತೇವೆ, ಅದನ್ನೇ ತಿರುಗಿ ಹೇಳಿ ‘ಹೂಂ, ಒತ್ತು’ ಅಂದ ಮೇಲೆಯೇ ಎಂಟರ್. ಮೂವತ್ತೊಂದು ವರ್ಷ ನನಗೆ ಮರುದನಿಯಾಗಿದ್ದವನು ಈರಪ್ಪಣ್ಣ. ದಿನಾ ಜಗಳ. ನಾನು ಅವಸರ ಮಾಡಿದರೆ ಬಾಯಲ್ಲಿನ ಬೀಡಿ ತೆಗೆಯದೆಯೇ ಹೇಳುತ್ತಿದ್ದ: “ಮತ್ತೊಂದ್ ಸಲ ಓದು ಮಾರಾಯ್ತಿ. ಸಿಟ್ಟಲ್ಲಿ ಓದಿದ್ದು ಲೆಕ್ಕಕ್ಕಿಲ್ಲ.” ಹೋದ ಮಳೆಗಾಲಕ್ಕೆ ತೀರಿಕೊಂಡ. ಕೇರಿಯವರು ಅಕ್ಕಿ ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ. ನನ್ನ ಬಾಯಿಗೆ ಹೆದರಿ ಒಳಗೆ ಬರುವುದಿಲ್ಲ. ತಪ್ಪು ಅವರದಲ್ಲ.

ಮೊದಲು ಎರಡೂ ಕೋಣೆಗಳದ್ದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ನಕಲು ಬದುಕಿದೆಯೇ ಎಂದು ಒಂದು ಧ್ವನಿ ಹಾಕಿ ನೋಡಿದೆ. ಈರಪ್ಪಣ್ಣನದೇ ಬಂತು: ‘ಹೂಂ, ಒತ್ತು.’ ಇನ್ನೊಂದು ಸಲ ಹಾಕಿದೆ. ಕೊನೆಗೆ, ಇದೇ ನನಗೆ ಮರುದನಿ ಅಂದುಕೊಂಡೆ.

ತಾನು ನಿಂತಿರುವ ನೆಲವನ್ನು ಯಂತ್ರ ತಾನೇ ಅಗೆಯಲಾರದು. ಅದಕ್ಕೇ ಪೆನ್‌ಡ್ರೈವಿನಿಂದ ಎಬ್ಬಿಸಿದೆ. ಕೆಲಸ ಮುಗಿಯುವವರೆಗೆ ಬಾಗಿಲಿಗೆ ಬುದ್ಧಿ ಇಲ್ಲ. ಇಳಿತದ ಆರು ಗಂಟೆಯೊಳಗೆ ಮುಗಿಯಬೇಕು. ಕೆಟ್ಟರೆ ನಕಲಿನಿಂದ ಮತ್ತೆ ಕಟ್ಟಲು ಎರಡು ದಿನ, ಅಷ್ಟರಲ್ಲಿ ನಾಲ್ಕು ಉಬ್ಬರ. ಬಾವಿಯ ಕತೆ ಮುಗಿದಂತೆ.

ಪಕ್ಕದ ಕೋಣೆ ಕುಗ್ಗಿಸುವ ಆಜ್ಞೆ ಟೈಪು ಮಾಡಿ ಓದಿದೆ, ಧ್ವನಿ ಹಾಕಿದೆ. ‘ಹೂಂ, ಒತ್ತು’ ಅಂದಿತು. ಬೆರಳು ಕೀಲಿಯ ಮೇಲಿತ್ತು. ಆಗ ಹೊಳೆಯಿತು, ನಾನು ಓದಿದ್ದು ಗೋಡೆ, ಅಂದರೆ ಕೋಣೆಯ ಗಡಿ, ಎಳೆಯುವ ಆಜ್ಞೆ. ಒಳಗಿನ ಕಪಾಟು, ಅಂದರೆ ಧ್ವನಿಗಳನ್ನು ಜೋಡಿಸಿಟ್ಟ ಫೈಲ್ ಸಿಸ್ಟಮ್, ಇನ್ನೂ ಕುಗ್ಗಿರಲಿಲ್ಲ. ಗೋಡೆ ಮೊದಲು ಬಂದಿದ್ದರೆ ಕಪಾಟನ್ನು ಕತ್ತರಿಸಿಕೊಂಡೇ ಬರುತ್ತಿತ್ತು. ಕುಗ್ಗಿಸುವಾಗ ಕಪಾಟು ಮೊದಲು, ಗೋಡೆ ಆಮೇಲೆ. ಹಿಗ್ಗಿಸುವಾಗ ಗೋಡೆ ಮೊದಲು. ಬದುಕಿದ್ದ ಈರಪ್ಪಣ್ಣ ಬೈಯುತ್ತಿದ್ದ. ಸತ್ತವನು ಎಲ್ಲದಕ್ಕೂ ಹೂಂ ಅನ್ನುತ್ತಾನೆ.

ಧ್ವನಿ ನಿಲ್ಲಿಸಿದೆ. ಏನೂ ಮುಟ್ಟದೆ ಯಂತ್ರವನ್ನು ಮತ್ತೆ ಅದರ ಹಳೆಯ ಬೇರಿನಿಂದಲೇ ಎಬ್ಬಿಸಿ, ಸ್ವಲ್ಪ ಕಸ ಗುಡಿಸಿ ಒಂದು ಉಬ್ಬರ ದಾಟಿಸಿದೆ. ಆಜ್ಞೆಗಳನ್ನು ಹಲಗೆಯ ಮೇಲೆ ಬರೆದು ಮನೆಯ ಗೋಡೆಗೆ ಮುಖ ಮಾಡಿಟ್ಟು ಮೀನು ಒಣಗಿಸಲು ಹೋದೆ. ಮುಂದಿನ ಇಳಿತಕ್ಕೆ ಬಂದು, ಯಾರೋ ಪೆದ್ದಿ ಬರೆದದ್ದು ಅನ್ನುವ ಹಾಗೆ ಓದಿದೆ. ಮತ್ತೂ ಒಂದು ತಪ್ಪು ಸಿಕ್ಕಿತು, ಡಿಸ್ಕಿನ ಹೆಸರೇ ಬೇರೆ. ತಿದ್ದಿ, ಯಂತ್ರವನ್ನು ಮತ್ತೆ ಪೆನ್‌ಡ್ರೈವಿನಿಂದ ಎಬ್ಬಿಸಿದೆ. ಕಪಾಟಿನ ತಪಾಸಣೆ ಮಾಡಿದೆ, ಕುಗ್ಗಿಸಿದೆ, ಗೋಡೆ ಎಳೆದೆ, ಕೋಣೆಯನ್ನು ಬಲಕ್ಕೆ ಸರಿಸಿದೆ. ಅದು ಸರಿಯುವಾಗ ಮೂರು ಗಂಟೆ, ಕರೆಂಟು ಹೋಗದಿರಲಿ ಎಂದು ತಂತಿ ನೋಡುತ್ತ ಕೂತಿದ್ದೆ. ತೆರವಾದ ಜಾಗವನ್ನು ಬೇರಿಗೆ ಸೇರಿಸಿದೆ. ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದೆ. ಯಾರೂ ಹೂಂ ಅನ್ನಲಿಲ್ಲ.

ನೀರು ಏರಲು ಇಪ್ಪತ್ತು ನಿಮಿಷ ಇರುವಾಗ ಯಂತ್ರ ತನ್ನ ಬೇರಿನ ಮೇಲೆ ಎದ್ದಿತು. ಬಾಗಿಲು ಮುಚ್ಚಿತು. ಹೇಳೋಣ ಅಂದರೆ ಮನೆಯಲ್ಲಿ ಯಾರಿದ್ದಾರೆ? ಅದಕ್ಕೇ ನಿಮಗೆ ಬರೆಯುತ್ತಿರುವುದು.

ಇನ್ನು ಮೇಲೆ ಜಾಗ ಹಂಚುವಾಗ ಕೈ ಬಿಚ್ಚಿ ಹಂಚಿ, ಮೇದಿನಿ. ನಿಮ್ಮ ಸಾಲನ್ನು ನಾನು ಅಳಿಸಿಲ್ಲ. ನನಗಿಂತ ಮುಂದೆ ಈ ಕುರ್ಚಿಯಲ್ಲಿ ಒಂಟಿಯಾಗಿ ಕೂರುವವರಿಗೆ ಅದರ ಕೆಳಗೇ ಬರೆದಿದ್ದೇನೆ: ‘ಸಾಲಲಿಲ್ಲ. ಅರವತ್ತು ಮಾಡಿದ್ದೇನೆ. ಒತ್ತುವ ಮುಂಚೆ ಗಟ್ಟಿಯಾಗಿ ಓದು. ಸಿಟ್ಟಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ. ಬೊಮ್ಮಿ.’

ಕೇಳಿಸಿಕೊಳ್ಳುತ್ತಿದ್ದೇನೆ ಅಂದದ್ದು ಸುಳ್ಳು. ಇರಲಿ ಬಿಡಿ.