ಸೋಮವಾರವೇ ಮುಗಿದುಹೋದ ಭಾನುವಾರದ ಆರೈಕೆ

ವೃದ್ಧಾಲಯಗಳ ದೂರು ವಿಚಾರಿಸುವ ಅಧಿಕಾರಿಗಳೇ,

‘ಆರೈಕೆಯಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ, ದೂರು ನಿರಾಧಾರ’ ಎಂದು ಷರಾ ಬರೆದು ನನ್ನ ಅಕ್ಕನ ಕಡತ ಮುಚ್ಚಿದ್ದೀರಿ. ಲೋಪ ಕಾಣಬೇಕಾದರೆ ಅವಳ ಹೊದಿಕೆ ಎತ್ತಬೇಕಿತ್ತು. ತಾವು ಎತ್ತಿದ್ದು ಟೀ ಕಪ್ಪನ್ನು ಮಾತ್ರ. ಇದನ್ನು ನಾಲ್ಕು ಜನರೆದುರು ಹೇಳಬೇಕಾಗಿ ಬಂದಿದೆ, ಏಕೆಂದರೆ ತಮಗೊಬ್ಬರಿಗೇ ಬರೆದ ಮೂರು ಪತ್ರಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆಯನ್ನಷ್ಟೇ ದಯಪಾಲಿಸಿದ್ದೀರಿ.

ನಾನು ದರ್ಜಿ. ಪಾರ್ಶ್ವವಾಯು ಬಡಿದು ಅಕ್ಕನ ಬಲಗಡೆಯೂ ಮಾತೂ ಹೋದಾಗ, ಅಂಗಡಿಯ ಮೇಲಿನ ನನ್ನ ಒಂಟಿ ಕೋಣೆಗೆ ಅವಳನ್ನು ಹತ್ತಿಸಲಾಗದೆ ಆ ವೃದ್ಧಾಲಯಕ್ಕೆ ಸೇರಿಸಿದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಮೈ ಹುಣ್ಣಾಗುತ್ತದೆ ಎಂದಿದ್ದರು ವೈದ್ಯರು. ಮಂಚಕ್ಕೆ ತೂಗುಹಾಕಿದ ಪಟ್ಟಿಯಲ್ಲಿ ಎಡ, ಬಲ, ಎಡ, ಬಲ ಎಂದು ಮುತ್ತಿನಂಥ ಅಕ್ಷರ! ಆರು ವಾರ ಅದನ್ನೇ ಓದಿ ನೆಮ್ಮದಿಯಿಂದ ಮನೆಗೆ ಹೋದ ಪೆದ್ದಿ ನಾನು. ಒಂದು ದಿನ ಅವಳಿಗೆ ಸಡಿಲವಾದ ನೈಟಿ ಹೊಲಿಯೋಣವೆಂದು ಅಳತೆ ಟೇಪನ್ನು ಸೊಂಟದ ಸುತ್ತ ತಂದರೆ, ಟೇಪು ಒದ್ದೆಯಾಯಿತು. ನಾಲ್ಕು ಬೆರಳಗಲದ ಹುಣ್ಣು, ಅದರ ಮೇಲೆ ಘಮಘಮಿಸುವ ಪೌಡರು. ಮೇಲ್ವಿಚಾರಕಿಯನ್ನು ಕೇಳಿದೆ. “ವಯಸ್ಸಾದ್ಮೇಲೆ ಇವೆಲ್ಲ ಇದ್ದಿದ್ದೇ ಅಲ್ವಾ ಮೇಡಂ? ಬೇಕಾದ್ರೆ ಪಟ್ಟಿ ನೋಡ್ಕೊಳ್ಳಿ” ಎಂದಳು. ಅಂದೇ ತಮಗೆ ದೂರು ಬರೆದೆ.

ತಾವು ಬರುವ ಸುದ್ದಿ ಮೂರು ದಿನ ಮೊದಲೇ ಅಲ್ಲಿಗೆ ತಲುಪಿತ್ತು. ಪಕ್ಕದ ಮಂಚದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ, ಎಲ್ಲರಿಗೂ ಅವರು ಟೀಚರಮ್ಮ. “ಗೋಡೆಗೆ ಬಣ್ಣ ಬಳಿದ್ರು ಅಂದ್ರೆ ಸಾಹೇಬ್ರು ಬರ್ತಾರೆ ಅಂತ ಲೆಕ್ಕ ಕಣೇ. ನಮಗೆ ಹಚ್ಚೋಕೆ ಮುಲಾಮಿಲ್ಲ, ಗೋಡೆಗೆ ಮಾತ್ರ ಎರಡು ಕೋಟು” ಎಂದು ನಕ್ಕರು. ಆ ಸೋಮವಾರ ತಾವು ಅಕ್ಕನ ಕಡೆ ಬಾಗಿ, “ಏನಜ್ಜಿ, ಚೆನ್ನಾಗಿ ನೋಡ್ಕೋತಾರಾ?” ಎಂದಿರಿ. “ಸಾರ್, ಅವಳಿಗೆ ಮಾತು ಬರಲ್ಲ. ನರ್ಸ್ ಕೈಲಾದ್ರೂ ಒಂದ್ಸಲ ಬೆನ್ನು ತೋರಿಸ್ಕೊಳ್ಳಿ” ಎಂದು ಗೋಗರೆದೆ. “ನಾವು ನೋಡೋದು ದಾಖಲೆ ಕಣಮ್ಮ” ಎಂದಿರಿ. ವರದಿಯಲ್ಲಿ ಬರೆದದ್ದೇನು? ‘ನಿವಾಸಿಯು ಯಾವುದೇ ದೂರು ಹೇಳಲಿಲ್ಲ.’ ಅಬ್ಬಾ, ಎಂಥ ಪ್ರಾಮಾಣಿಕತೆ!

ಸರಿ, ದಾಖಲೆಯನ್ನಾದರೂ ನೋಡಿದಿರಾ? ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವು ಸಹಿ, ಮೊಹರು ಹಾಕಿ ವರದಿಗೆ ಲಗತ್ತಿಸಿದ ಆ ವಾರದ ಪಟ್ಟಿಯಲ್ಲಿ ಭಾನುವಾರ ಸಂಜೆಯವರೆಗಿನ ಆರೈಕೆ ಮುಗಿದುಹೋಗಿದೆ. ಅಲ್ಲಿನ ಪದ್ಧತಿಯೇ ಅದು. ವಾರದ ಮೊದಲ ದಿನ ತಿಂಡಿಯಾದ ಮೇಲೆ ಆಯಾಗಳು ಸಾಲಾಗಿ ಕೂತು ಇಡೀ ವಾರವನ್ನು ತುಂಬಿಬಿಡುತ್ತಾರೆ. ಇನ್ನೂ ಹುಟ್ಟದ ಆರು ದಿನಗಳಿಗೆ ತಾವು ಸಾಕ್ಷಿಯಾದಿರಿ. ಅಕ್ಕ ಗುರುವಾರ ಮಧ್ಯಾಹ್ನ ಸತ್ತಳು. ಹುಣ್ಣಿನ ನಂಜು ರಕ್ತಕ್ಕೇರಿತ್ತು. ತಮ್ಮ ಮೊಹರಿನ ಕೆಳಗೆ ಮಾತ್ರ ಅವಳು ಶುಕ್ರವಾರ ಗಂಜಿ ಕುಡಿದಿದ್ದಾಳೆ, ಶನಿವಾರ ಬಿಸಿಲಿಗೆ ಕೂತಿದ್ದಾಳೆ, ಭಾನುವಾರ ‘ನಗುಮುಖದಿಂದಿದ್ದಾಳೆ’. ಶುಕ್ರವಾರ ನಾನು ಮಣ್ಣು ಮಾಡಿದ್ದು ಯಾರನ್ನು, ಸ್ವಾಮಿ? ತಮಗೆ ಬಡ್ತಿಯಾಗಿದೆಯೆಂದು ಕೇಳಿದೆ, ಅಭಿನಂದನೆಗಳು.

ಅಕ್ಕನನ್ನು ತಾವು ತಂದುಕೊಡಲಾರಿರಿ, ಅದನ್ನು ಕೇಳುತ್ತಲೂ ಇಲ್ಲ. ಮೊನ್ನೆ ಸೋಮವಾರ ಟೀಚರಮ್ಮನನ್ನು ನೋಡಲು ಹೋಗಿದ್ದೆ. ಅವರಿಗೂ ಈಗ ಎದ್ದು ಕೂರಲಾಗದು. ಅವರ ಪಟ್ಟಿ ಬರುವ ಭಾನುವಾರದವರೆಗೆ ತುಂಬಿದೆ, ಸೊಂಟದ ಮೇಲೆ ಕೋಟಿನ ಗುಂಡಿಯಷ್ಟು ಕೆಂಪು ಕಲೆಯೂ ಎದ್ದಿದೆ. ಚರ್ಮ ಇನ್ನೂ ಒಡೆದಿಲ್ಲ. ದೂರು ಕೊಡಲು ಅವರಿಗೆ ತಂಗಿಯೂ ಇಲ್ಲ, ಯಾರೂ ಇಲ್ಲ. “ನನಗಿನ್ನೂ ಮಾತು ಬರುತ್ತೆ, ಬೇಗ ಬಂದು ಕೇಳಿಸ್ಕೊಳ್ಳೋಕೆ ಹೇಳು” ಎಂದರು.

ಆದ್ದರಿಂದ ನಾಳೆಯೇ, ಯಾರಿಗೂ ಹೇಳದೆ, ಒಬ್ಬ ನರ್ಸನ್ನು ಕರೆದುಕೊಂಡು ಹೋಗಿ. ಪಟ್ಟಿ ಮುಟ್ಟಬೇಡಿ. ಟೀಚರಮ್ಮನ ಹೊದಿಕೆ ಎತ್ತಿಸಿ, ಮಗ್ಗುಲು ಬದಲಿಸಲು ಹೇಳಿ, ಎರಡು ಗಂಟೆ ಅಲ್ಲೇ ಕೂತು ಮತ್ತೊಮ್ಮೆ ಬದಲಿಸಲು ಹೇಳಿ. ಅಷ್ಟಾದ ಮೇಲೆ ನನ್ನ ಅಕ್ಕನ ಕಡತ ತೆರೆಯಿರಿ. ಭಾನುವಾರ ನಾನು ಅಲ್ಲಿಗೆ ಹೋಗುತ್ತೇನೆ, ಟೇಪು ಹಿಡಿದುಕೊಂಡು.

ಇಂತಿ,
ತಮ್ಮ ಮೊಹರಿನ ಕೆಳಗೆ ಮೂರು ದಿನ ಹೆಚ್ಚು ಬದುಕಿದವಳ ತಂಗಿ