ಕುಡಿದವರು, ಕುಡಿಯದವರು

೨ ಫೆಬ್ರವರಿ ೨೦೦೪, ಸೋಮವಾರ

ನಲ್ಲಿ ನೀರು ಬಂತು. ಐದೂ ಬಿಂದಿಗೆ ತುಂಬಿತು. ಇವರನ್ನು ಫ್ಯಾಕ್ಟರಿ ಬಸ್ಸಿಗೆ ಕಳಿಸಿ, ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟು, ಹನ್ನೊಂದಕ್ಕೆ ರಿಚರ್ಡ್ಸ್ ಟೌನಿಗೆ ಹೋದೆ. ಮುನಿವೆಂಕಟಪ್ಪ ಫ್ಯಾಮಿಲಿ ಫೌಂಡೇಶನ್. ದೊಡ್ಡ ಬಂಗಲೆ, ಗೇಟಿನ ಪಕ್ಕ ಅಂಗೈಯಷ್ಟು ಹಿತ್ತಾಳೆ ತಗಡು. ಬೋರ್ಡು ಇಲ್ಲ. ದಾನ ಮಾಡುವವರು ಇಷ್ಟು ಸಣ್ಣ ಅಕ್ಷರದಲ್ಲಿ ಹೆಸರು ಹಾಕಿಕೊಳ್ಳುತ್ತಾರಾ? ಏನೋ ಇದೆ.

ಒಳಗೆ ಮೊಮ್ಮಗಳು ಶ್ವೇತ. ಇಪ್ಪತ್ತೈದು ಇರಬಹುದು. ಮೊದಲನೇ ಪ್ರಶ್ನೆಯೇ, "ನಮ್ಮ ಬಗ್ಗೆ ನಿಮಗೆ ಯಾರು ಹೇಳಿದ್ರು ಮೇಡಂ? ನಾವು ಅಡ್ವರ್ಟೈಸ್ ಮಾಡಲ್ಲ."

ಶಿವಾಜಿನಗರದ ಉಮ್ಮೆ ಕುಲ್ಸುಂ ಎಂದೆ. ಅವಳ ಹೊಲಿಗೆ ಕ್ಲಾಸಿಗೆ ಇವರೇ ಮಿಷನ್ನು ಕೊಟ್ಟಿದ್ದು. ಹೆಸರು ಬರೆದುಕೊಂಡಳು. ಯಾಕೆ ಬರೆದುಕೊಳ್ಳಬೇಕು?

ನನ್ನ ಕಥೆ ಹೇಳಿದೆ. ಲಿಂಗರಾಜಪುರ, ಪಿಳ್ಳಪ್ಪನ ಮಹಡಿ ಮೇಲೆ ಶೀಟು ಹೊದಿಸಿದ ಒಂದು ದೊಡ್ಡ ಹಾಲು. ಸಂಜೆ ಐದರಿಂದ ಎಂಟು, ಇಪ್ಪತ್ತಾರು ಹೆಣ್ಣುಮಕ್ಕಳು ಬಂದು ಓದುತ್ತಾರೆ. ಮನೆಯಲ್ಲಿ ಇರುವುದೇ ಒಂದು ಕೋಣೆ, ಅದರಲ್ಲಿ ಟಿ.ವಿ., ಕುಡಿದ ಅಪ್ಪ, ಅಳುವ ಕೂಸು. ಮೇ ಮೂವತ್ತೊಂದರೊಳಗೆ ಲೀಸಿಗೆ ತೆಗೆದುಕೊಳ್ಳದಿದ್ದರೆ ಪಿಳ್ಳಪ್ಪ ಹಾಲನ್ನು ಜಿಮ್ಮಿನವರಿಗೆ ಕೊಡುತ್ತಾನೆ. ನಾನು ಸ್ಕೂಲಿನ ಕೆಲಸ ಬಿಟ್ಟು ಏಳು ವರ್ಷ ಕಟ್ಟಿದ್ದು ಅದೊಂದೇ.

"ಫಾರಂ ಕಳಿಸ್ತೀವಿ" ಎಂದಳು. ನಕ್ಕಳು. ತುಂಬ ಚೆನ್ನಾಗಿ ನಕ್ಕಳು, ಅದೇ ನನಗೆ ಸರಿಬರಲಿಲ್ಲ.

೯ ಫೆಬ್ರವರಿ

ಫಾರಂ ಬಂತು. ಒಂಬತ್ತು ಪೇಜು. ಎಂಟು ಪೇಜು ಎಲ್ಲರೂ ಕೇಳುವಂಥದ್ದೇ. ಒಂಬತ್ತನೆಯದು ನೋಡಿ ಮೈ ಉರಿಯಿತು. "ಅರ್ಜಿದಾರರ ಮನೆಯ ಹಿರಿಯರ ಹೆಸರು. ಮೂಲ ಊರು. ಅವರು ಹಿಂದೆ ಮಾಡುತ್ತಿದ್ದ ಕೆಲಸ."

ಜಾತಿ ಕೇಳುವುದಕ್ಕೆ ಈಗ ಹೀಗೂ ಒಂದು ದಾರಿ! ನೇರವಾಗಿ ಕೇಳಿದರೆ ಕೇಸಾಗುತ್ತದೆ, ಅಜ್ಜನ ಕಸುಬು ಕೇಳಿದರೆ ಆಗಲ್ಲ. ಇವರಿಗೆ ತೋರಿಸಿದೆ.

"ತೇಜೂ, ನಿನಗೆ ಬುದ್ಧನೇ ಬಾಗಿಲು ತಟ್ಟಿದ್ರೂ ಐಡಿ ಕಾರ್ಡ್ ಕೇಳ್ತೀಯ" ಎಂದರು.

ಕೇಳುತ್ತೇನೆ. ಒಂಬತ್ತನೆಯದು ಖಾಲಿ ಬಿಟ್ಟು ಕಳಿಸಿದೆ.

೧೮ ಫೆಬ್ರವರಿ

ಫಾರಂ ವಾಪಸ್. ಒಂಬತ್ತನೇ ಪೇಜಿಗೆ ಹಳದಿ ಚೀಟಿ: "ಪ್ಲೀಸ್ ಫಿಲ್. ಅಜ್ಜಿ ಇದನ್ನೇ ಮೊದಲು ಓದೋದು." ಅಜ್ಜಿ ಎಂದರೆ ಅಣ್ಣಮ್ಮ. ಸತ್ತ ಮುನಿವೆಂಕಟಪ್ಪನ ಹೆಂಡತಿ, ಈಗ ಚೇರ್‌ಪರ್ಸನ್. ಅವರ ಸೈನ್ ಇಲ್ಲದೆ ಏನೂ ಆಗುವುದಿಲ್ಲವಂತೆ.

ಸಿಟ್ಟಿನಲ್ಲೇ ಬರೆದೆ. ಹಿರಿಯರು: ವೆಂಕಟಮ್ಮ, ನನ್ನ ಅತ್ತೆ. ಊರು: ಇದೇ. ಕೆಲಸ: ಹೊಲದ ಕೂಲಿ. ಪೆನ್ನು ಒತ್ತಿದ್ದಕ್ಕೆ ಕಾಗದ ಹರಿಯಿತು.

೩ ಮಾರ್ಚ್, ಬುಧವಾರ

ಶ್ವೇತ ನೋಡಲು ಬಂದಳು. ಹಾಲು ನೋಡಿದಳು, ಮಕ್ಕಳ ಜೊತೆ ಕೂತಳು, ಫೋಟೋ ತೆಗೆದಳು. ಪಕ್ಕದ ಮನೆಯೇ ನಮ್ಮದು. ಟೀ ಮಾಡಿ ತಂದೆ, ಏಲಕ್ಕಿ ಹಾಕಿ. ಅವಳು ಬ್ಯಾಗಿನಿಂದ ಬಾಟಲಿ ತೆಗೆದು ಅವಳ ನೀರು ಅವಳೇ ಕುಡಿದಳು. ಟೀ ಕೆನೆ ಕಟ್ಟಿತು. ಲೋಟ ತೊಳೆಯುವಾಗ ಗೋಡೆಗೆ ಬಿಸಾಡಬೇಕು ಅನ್ನಿಸಿತು.

೧೨ ಮಾರ್ಚ್

ಇವತ್ತು ಶ್ವೇತಳ ಅಪ್ಪ ಕೆಂಪರಾಜ್. ಟ್ರಸ್ಟಿ. ದೊಡ್ಡ ಕಾರು ನಮ್ಮ ರಸ್ತೆಗೆ ತೂರಲಿಲ್ಲ, ನಡೆದುಕೊಂಡು ಬಂದರು. ಮರ್ಯಾದೆಯಾಗಿಯೇ ಮಾತಾಡಿದರು. ಟೀ ಎಂದೆ.

"ಬೇಡಮ್ಮ, ಈಗ್ತಾನೇ ಆಯ್ತು. ಶುಗರ್ ಬೇರೆ."

ಸರಿ ಎಂದೆ. ಹೋದಮೇಲೆ ಮಹಡಿ ಕಿಟಕಿಯಿಂದ ನೋಡಿದೆ. ಮೂಲೆ ಬೇಕರಿಯಲ್ಲಿ ನಿಂತು ಟೀ ಕುಡಿಯುತ್ತಿದ್ದಾರೆ. ಜೊತೆಗೆ ದಿಲ್‌ಪಸಂದ್! ಶುಗರ್ ಅಂತೆ.

ಈ ಡೈರಿಯ ಕೊನೇ ಪೇಜಿನಲ್ಲಿ ಎರಡು ಪಟ್ಟಿ ಮಾಡಿದ್ದೇನೆ. ಕುಡಿದವರು. ಕುಡಿಯದವರು. ಮೊದಲನೆಯದರಲ್ಲಿ ಇನ್ನೂ ಒಂದೂ ಹೆಸರಿಲ್ಲ.

೧೪ ಏಪ್ರಿಲ್

ಬಾಬಾಸಾಹೇಬರ ಜಯಂತಿ. ಹಾಲಿನಲ್ಲೇ ಮಾಡಿದೆವು. ಒಂದು ತಿಂಗಳು ಬರೆಯಲಾಗಲಿಲ್ಲ, ಪರೀಕ್ಷೆಯ ಗಲಾಟೆ. ಎಸ್ಸೆಸ್ಸೆಲ್ಸಿ ಒಂಬತ್ತು ಮಕ್ಕಳೂ ಬರೆದಿದ್ದಾರೆ. ಅವರಲ್ಲಿ ಒಬ್ಬಳು, ಪಟಾಲಮ್ಮನ ಮಗಳು, ಕೇಳಿದಳು, "ಅಕ್ಕಾ, ಜೂನಲ್ಲಿ ನನ್ ತಂಗೀನ ಇಲ್ಲಿಗೆ ಕಳಿಸ್ಬಹುದಾ?"

ಕಳಿಸು ಎಂದೆ. ಯಾವ ಧೈರ್ಯದ ಮೇಲೆ ಹಾಗಂದೆನೋ.

೨೦ ಏಪ್ರಿಲ್, ಮಂಗಳವಾರ

ಫೋನ್. ಶನಿವಾರ ಅಣ್ಣಮ್ಮನವರೇ ಬರುತ್ತಾರಂತೆ. ಅವರು ಹೆಚ್ಚು ಹೊರಗೆ ಹೋಗುವವರಲ್ಲವಂತೆ. ನಮ್ಮ ಮನೆಗೆ ಯಾಕೆ?

ಅತ್ತೆಗೆ ಹೆಸರು ಹೇಳಿದೆ. ಬೆಳ್ಳುಳ್ಳಿ ಬಿಡಿಸುತ್ತಿದ್ದ ಕೈ ನಿಂತಿತು.

"ನೀವು ಕೆಲಸ ಮಾಡ್ತಿದ್ದಿದ್ದು ಅವರ ಹೊಲದಲ್ಲೇನಾ ಅತ್ತೆ?"

"ಹ್ಞೂಂ. ಕಲ್ಯಾಣ ನಗರದ ಆ ಕಡೀಕೆ. ಎಲ್ಲಾ ಅವರದೇ."

ಮತ್ತೆ ಬೆಳ್ಳುಳ್ಳಿ ಬಿಡಿಸತೊಡಗಿದರು. ನನಗೆ ಅಷ್ಟೇ ಸಾಕಿತ್ತು. ಹಳೇ ಒಡತಿ ಬಂದು ಕುರ್ಚಿ ಮೇಲೆ ಕೂರುವುದು, ಈ ವಯಸ್ಸಿನಲ್ಲಿ ಅತ್ತೆ ಎದ್ದು ಕೈ ಮುಗಿದು ನಿಲ್ಲುವುದು... ನನ್ನ ಕಣ್ಣೆದುರು ಅದು ಆಗಕೂಡದು. ಶನಿವಾರ ಅತ್ತೆಯನ್ನು ಕೆ.ಆರ್. ಪುರದ ನಾದಿನಿ ಮನೆಗೆ ಕಳಿಸುತ್ತೇನೆ. ಟೀಯನ್ನೂ ಮಾಡುವುದಿಲ್ಲ. ಕೊಟ್ಟರೆ ತಾನೇ ಬೇಡ ಅನ್ನುವುದು?

೨೪ ಏಪ್ರಿಲ್, ಶನಿವಾರ, ಮಧ್ಯಾಹ್ನ ೨

ಬಂದು ಹೋದರು. ಎಪ್ಪತ್ತು ದಾಟಿದೆ. ಬಿಳೀ ತಲೆ, ಕೈಮಗ್ಗದ ಸೀರೆ, ಮೊಣಕಾಲು ನೋವು. ಹಾಲನ್ನು ಎರಡು ನಿಮಿಷ ನೋಡಿ, "ನಿಮ್ಮನೆ ಎಲ್ಲಮ್ಮ?" ಎಂದರು. ಕರೆದುಕೊಂಡು ಬಂದೆ. ಲೋಟಗಳನ್ನೆಲ್ಲ ಬೆಳಿಗ್ಗೆಯೇ ಬೀರುವಿಗೆ ಹಾಕಿದ್ದೆ.

"ಮನೇಲಿ ದೊಡ್ಡೋರು ಇಲ್ವಾ?"

"ಮಗಳ ಮನೆಗೆ ಹೋಗಿದಾರೆ."

ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬಿಸಿಲು ಜಾಸ್ತಿ ಈ ಸಲ."

"ಹೌದು" ಎಂದು ಫ್ಯಾನು ಜೋರು ಮಾಡಿದೆ.

ಬಿಂದಿಗೆಗಳ ಕಡೆ ನೋಡುತ್ತಾ ಕೂತರು. ಮತ್ತೆ ಕೇಳಿದರು, "ಯಾವಾಗ ಬರ್ತಾರೆ, ದೊಡ್ಡೋರು?" ಗೊತ್ತಿಲ್ಲ ಎಂದೆ. ಅರ್ಧ ಗಂಟೆ ಆಯಿತು. ಎದ್ದರು. ಹಾಲಿನ ಬಗ್ಗೆ ಒಂದು ಮಾತಿಲ್ಲ. ಶ್ವೇತ ಮಾತ್ರ ಬಾಗಿಲಲ್ಲಿ ನನ್ನನ್ನು ಒಂಥರಾ ನೋಡಿದಳು.

ನನಗೇನೋ ಗೆದ್ದ ಹಾಗಿತ್ತು. ಬೇಡ ಅನ್ನಲು ಅವಕಾಶವನ್ನೇ ಕೊಡಲಿಲ್ಲವಲ್ಲ.

೨೯ ಏಪ್ರಿಲ್

ಶ್ವೇತಳ ಫೋನ್. ಬರೆದಿಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

"ಅಜ್ಜಿ ಸೈನ್ ಮಾಡಿಲ್ಲ ಮೇಡಂ. ಅವರದ್ದೊಂದು ರೂಲ್ ಇದೆ, ಪೇಪರಲ್ಲಿ ಇಲ್ಲ. ಯಾರಿಗೆ ಕೊಡ್ತಾರೋ ಅವರ ಮನೆ ನೀರು ಕುಡೀಬೇಕು. ತಾತ ಜಮೀನು ಮಾತು ಮುಗಿಸ್ತಿದ್ದಿದ್ದೂ ಹಾಗೇ ಅಂತೆ. ಕೇಳಿ ಕುಡಿಯೋ ಹಾಗಿಲ್ಲ, ಮನೆಯವರೇ ಕೊಡ್ಬೇಕು. ಅವತ್ತು ಬೆಳಿಗ್ಗೆಯಿಂದ ಕಾಫೀನೂ ಕುಡಿದಿರಲಿಲ್ಲ. ನಿಮ್ಮನೇಲಿ..."

ನನಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ನೀವ್ಯಾಕೆ ಕುಡೀಲಿಲ್ಲ? ನಿಮ್ಮಪ್ಪ ಯಾಕೆ ಬೇಕರೀಲಿ ಕುಡಿದ್ರು?"

ದನಿ ಇಳಿಸಿದಳು.

"ನಾನು ಎಲ್ಲೂ ಹೊರಗಡೆ ನೀರು ಕುಡಿಯಲ್ಲ ಮೇಡಂ, ಇನ್ಫೆಕ್ಷನ್... ಡ್ಯಾಡಿದು ನನಗೆ ಗೊತ್ತಿಲ್ಲ."

ಗೊತ್ತಿದೆ. ಅವಳಿಗೂ ಗೊತ್ತಿದೆ. ಅಂದರೆ ನನ್ನ ಅನುಮಾನ ಮೂರರಲ್ಲಿ ಒಂದಾದರೂ ಸರಿ. ಆದರೆ ಸೈನ್ ಹಾಕುವವರ ವಿಷಯದಲ್ಲೇ ತಪ್ಪಿತು. ಪಿಳ್ಳಪ್ಪ ಇವತ್ತು ಜಿಮ್ಮಿನವರನ್ನು ಕರೆತಂದು ಹಾಲು ಅಳೆಸಿದ. ನಾನೇ ಕೈಯಾರೆ ಕೆಡಿಸಿದೆ. ನಾಚಿಕೆ ಆಗುತ್ತಿದೆ.

೩೦ ಏಪ್ರಿಲ್

ಅತ್ತೆ ಕೆ.ಆರ್. ಪುರದಿಂದ ಬಂದರು. ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಎಲೆ ಅಡಿಕೆ ಹಾಕಿಕೊಂಡು ಕೂತರು. ಆಮೇಲೆ ಶುರು ಮಾಡಿದರು.

"ರಾಗಿ ಕುಯ್ಲು. ನಾನು ಏಳು ತಿಂಗಳ ಬಸುರಿ. ಅಣ್ಣಮ್ಮ ಆಗಿನ್ನೂ ಹೊಸಾ ಸೊಸೆ. ಹಿತ್ಲಲ್ಲಿ ನಿಂತು ಬೊಗಸೆ ಒಡ್ಡಿದೆ, ಮೇಲಿಂದ ಮಜ್ಜಿಗೆ ಹುಯ್ತಿದ್ಲು. ಅವಳ್ಗೂ ಪಾಪ ಅಭ್ಯಾಸ ಇಲ್ಲ, ಚೊಂಬು ನನ್ ಬೆರಳಿಗೆ ತಾಕ್ಬಿಡ್ತು. ಅವಳತ್ತೆ ಕಂಡು ಕಿರುಚಿದ್ಲು. ಇವಳು ಅರ್ಧಕ್ಕೇ ನಿಲ್ಸಿ, ಉಳಿದಿದ್ದ ಮಣ್ಣಿಗೆ ಚೆಲ್ಲಿ ಒಳಗೋದ್ಲು. ಆ ಚೊಂಬನ್ನ ಬೆಂಕೀಗೆ ಹಾಕಿ ತೆಗೆದ್ರು."

"ಆಮೇಲೆ?"

"ಆಮೇಲೇನು. ಕುಯ್ಲಿಗೆ ಹೋದೆ."

ಅಂದರೆ ಒಂಬತ್ತನೇ ಪೇಜಿನಲ್ಲಿ ಹೆಸರು ಓದಿಯೇ ಬಂದಿದ್ದಾರೆ. ಐವತ್ತು ವರ್ಷದ ಹಿಂದಿನದನ್ನು ತೊಳೆದುಕೊಳ್ಳಲು. ತೊಳೆದುಕೊಳ್ಳುವುದಕ್ಕೆ ನಮ್ಮ ಮನೆ ನೀರೇ ಬೇಕಾ? ನನಗೆ ಇದೂ ಸರಿಬರಲಿಲ್ಲ. ನನ್ನ ಮಕ್ಕಳಿಗೆ ಓದಲು ಜಾಗ ಕೊಡುವುದಾದರೆ ಓದಿಗಾಗಿ ಕೊಡಲಿ.

ಅತ್ತೆ ನನ್ನ ಮುಖ ನೋಡಿ, "ಅವಳನ್ನ ಬರಕ್ ಹೇಳು" ಎಂದರು. "ನಾನು ಮನೇಲಿರ್ತೀನಿ. ಇನ್ನೊಂದ್ ದಪ ನನ್ನ ಎಲ್ಲೂ ಕಳಿಸ್ಬೇಡ."

೮ ಮೇ, ಶನಿವಾರ, ಸಂಜೆ

ಬಂದರು. ಅಜ್ಜಿ, ಮೊಮ್ಮಗಳು. ಶ್ವೇತಳ ಕೈಯಲ್ಲಿ ಫೈಲು. ನಾನು ಬೀರುವಿನಿಂದ ಹೊಸಾ ಸ್ಟೀಲ್ ಲೋಟ ತೆಗೆದು, ಎರಡು ಸಲ ತೊಳೆದು ಇಟ್ಟಿದ್ದೆ. ಅತ್ತೆ ಬಾಗಿಲಿಗೆ ಬಂದರು. ಕೈ ಮುಗಿಯಲಿಲ್ಲ.

"ಯಂಕಟಮ್ಮ" ಎಂದರು ಅಣ್ಣಮ್ಮ. "ಗುರುತು ಸಿಕ್ತಾ?"

"ಸಿಕ್ಕದೆ ಏನವ್ವ. ಬಾ, ಬಿಸಿಲಲ್ಲಿ ಬಂದಿದೀಯ."

ಬಾ ಎಂದರು! ಏಕವಚನ! ಶ್ವೇತ ನನ್ನನ್ನು ನೋಡಿದಳು. ಅಣ್ಣಮ್ಮ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಲೋಟ ಹಿಡಿದು ಮುಂದೆ ಬಂದೆ. ಅತ್ತೆ ಲೋಟವನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಚೊಂಬಿನಲ್ಲಿ ನೀರು ಬಗ್ಗಿಸಿಕೊಂಡು ಬಂದು, ಅಣ್ಣಮ್ಮನವರ ಎದುರು ನಿಂತು, ಎತ್ತಿ ಹಿಡಿದರು. ಮೇಲಿಂದ ಹುಯ್ಯುವ ಹಾಗೆ.

ಮುಗಿಯಿತು ಎಂದುಕೊಂಡೆ. ಹಾಲೂ ಹೋಯಿತು, ಇಪ್ಪತ್ತಾರು ಮಕ್ಕಳೂ ಬೀದಿಗೆ ಬಿದ್ದರು. ಅತ್ತೆಯ ಕೈ ಹಿಡಿಯೋಣವೆಂದು ಒಂದು ಹೆಜ್ಜೆ ಇಟ್ಟೆ. ಹಿಡಿಯಲಿಲ್ಲ. ನನಗೂ ನೋಡಬೇಕಿತ್ತು. ಸುಳ್ಳು ಯಾಕೆ ಬರೆಯಲಿ.

"ಅಜ್ಜೀ" ಎಂದಳು ಶ್ವೇತ.

"ನೀ ಸುಮ್ನಿರು" ಎಂದರು ಅಣ್ಣಮ್ಮ. ಕುರ್ಚಿಯ ತುದಿಗೆ ಜರುಗಿ, ಬಗ್ಗಿ, ಬೊಗಸೆ ಒಡ್ಡಿದರು.

ಅತ್ತೆ ಹುಯ್ದರು. ಅರ್ಧಕ್ಕೆ ನಿಲ್ಲಿಸಲಿಲ್ಲ. ಚೊಂಬು ಖಾಲಿಯಾಗುವವರೆಗೂ ಹುಯ್ದರು. ನೀರು ಗದ್ದಕ್ಕೆ, ಮೊಣಕೈಗೆ, ಸೀರೆಗೆಲ್ಲ ಇಳಿಯಿತು. ಅಣ್ಣಮ್ಮನವರಿಗೆ ನೆತ್ತಿ ಹತ್ತಿತು, ಕೆಮ್ಮಿದರು. ಕೆಮ್ಮಿ ಮತ್ತೆ ಕೈ ಒಡ್ಡಿದರು. ಕಣ್ಣಲ್ಲಿ ನೀರು. ಕೆಮ್ಮಿದ್ದಕ್ಕೋ ಏನೋ.

ಫೈಲು ತಾ ಎಂದರು. ಒದ್ದೆ ಕೈಯಲ್ಲೇ ಸೈನ್ ಹಾಕಿದರು. ಇಂಕು ಹರಡಿತು. ಬೇರೆ ಕಾಪಿ ತರುತ್ತೇನೆ ಎಂದಳು ಶ್ವೇತ. ಬೇಡ, ಇದೇ ಇರಲಿ ಎಂದೆ. ನಾಳೆ ಮನಸ್ಸು ಬದಲಾದರೆ? ಹೊರಡುವಾಗ ಶ್ವೇತ ಆ ಸ್ಟೀಲ್ ಲೋಟದಲ್ಲಿ ನೀರು ಬಗ್ಗಿಸಿಕೊಂಡು ಕುಡಿದಳು, ನನ್ನನ್ನು ನೋಡುತ್ತಾ. ಅವಳ ಹೆಸರನ್ನು ಯಾವ ಪಟ್ಟಿಗೆ ಹಾಕುವುದೋ ಇನ್ನೂ ಗೊತ್ತಾಗಿಲ್ಲ.

ಕಾರು ಹೋಯಿತು. ಅತ್ತೆ ಹಿಂದಿನ ಮೆಟ್ಟಿಲ ಮೇಲೆ ಚೊಂಬು ಬೋರಲು ಹಾಕಿಕೊಂಡು ಕೂತಿದ್ದರು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾರೆ ಎಂದು ಹತ್ತಿರ ಹೋದೆ. ನಗುತ್ತಿದ್ದರು.

"ಅವಳಿಗೆ ಕುಡಿಯೋಕೇ ಬರಲ್ಲ ಕಣೇ ತೇಜೂ. ಅರ್ಧ ನೀರು ಮೊಣಕೈಲೇ ಹೋಯ್ತು. ನಾವು ಒಂದು ಹನೀನೂ ಚೆಲ್ತಿರಲಿಲ್ಲ."

ಹಾಗೆಂದು ತಮ್ಮ ಎರಡೂ ಕೈ ಜೋಡಿಸಿ, ಸಂದಿಲ್ಲದ ಹಾಗೆ ಬೆರಳು ಬಿಗಿಮಾಡಿ, ನನಗೆ ತೋರಿಸಿದರು. ನಾನು ಆ ಬೊಗಸೆಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಬಿಡಿಸಿದೆ.